ಎರಡು ಡಬ್ಬಿ ಬೂದಿ

ಡಂಬಳಕ್ಕೆ ಹೋದದ್ದು ದೊಡ್ಡಬಸಪ್ಪನ ಗುಡಿ ನೋಡಲು. ನಕ್ಷತ್ರದ ಹಾಗೆ ತಿರುಗಿಕೊಂಡು ಹೋಗುವ ಅದರ ಹೊರಗೋಡೆಯ 24 ಮೂಲೆಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನೀರು ಕೇಳಿಕೊಂಡು ಹತ್ತಿರದ ಒಂದು ಮಾಳಿಗೆ ಮನೆಯ ಬಾಗಿಲಲ್ಲಿ ನಿಂತೆ. ‘ಒಳಗ ಬಾರವಾ, ಹೊರಗ ನಿಂತು ಕುಡೀತಾರೇನು’ ಎಂದರು ಆಯಿ. ಒಳಗೆ ಹೋದವಳು ಎರಡು ತಾಸು ಹೊರಬರಲಿಲ್ಲ. ಗುಡಿಯ ಬಗ್ಗೆ ಬರೆದುಕೊಂಡದ್ದು ಅರ್ಧ ಪುಟ, ಆಯಿಯ ಅಡುಗೆಮನೆಯ ಬಗ್ಗೆ ಹನ್ನೊಂದು ಪುಟ.

ನಮ್ಮ ಕಡೆಯ ಮಾಳಿಗೆ ಮನೆಗಳ ಅಡುಗೆಮನೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಿಂಬದಿಯ ಕತ್ತಲು, ಮೇಲೊಂದು ಬೆಳಕಿಂಡಿ. ಇಲ್ಲಿ ಗ್ಯಾಸ್ ಇತ್ತು, ಕಡಪಾ ಕಲ್ಲಿನ ಕಟ್ಟೆಯ ಮೇಲೆ. ಕೆಳಗೆ ನೆಲದಲ್ಲಿ ಒಲೆಯೂ ಇತ್ತು, ರೊಟ್ಟಿಗೆ ಮಾತ್ರ. ಒಲೆ ಉರಿಯುವ ಮನೆಯಲ್ಲಿ ಕೈಯಿಟ್ಟಲ್ಲೆಲ್ಲ ಅಂಟಬೇಕು. ಇಲ್ಲಿ ಡಬ್ಬಿಗಳ ಮುಚ್ಚಳ ಅಂಟಲಿಲ್ಲ, ನೆಲುವಿನ ಹಗ್ಗವೂ ಅಂಟಲಿಲ್ಲ. ಅನುಮಾನದ ಪ್ರಾಣಿ ನಾನು. ಆಯಿ ನೀರು ತರಲು ಆ ಕಡೆ ತಿರುಗಿದಾಗ ಕಟ್ಟೆಯ ಅಡಿಗೂ ಬೆರಳಾಡಿಸಿ ನೋಡಿದೆ. ಬೆರಳು ಹಾಗೇ ಬಂತು.

ಬಚ್ಚಲ ಪಕ್ಕದ ಗೂಡಿನಲ್ಲಿ ಎರಡು ತಗಡಿನ ಡಬ್ಬಿಗಳಿದ್ದವು. ಒಂದು ಹಳೆಯ ಡಾಲ್ಡಾದ್ದು, ತೆಂಗಿನ ಗಿಡದ ಚಿತ್ರ ಅರ್ಧ ಅಳಿಸಿತ್ತು. ಇನ್ನೊಂದು ಬೋರ್ನ್‌ವೀಟಾದ್ದು. ಎರಡರಲ್ಲೂ ಹಳೇ ಸೀರೆಯ ತುಂಡಿನಲ್ಲಿ ಸೋಸಿದ ಬೂದಿ.

‘ಎರಡು ಯಾಕ ಆಯಿ?’

‘ಇದು ಎತ್ತು ತಿಂದು ಬಿಟ್ಟ ಜ್ವಾಳದ ದಂಟಿಂದು. ಅದು ಹತ್ತಿಕಟಗಿದು. ಹೊತ್ತಿದ್ದಕ್ಕ ಇದು, ಜಿಡ್ಡಿಗೆ ಅದು. ಕೂಡಿಸಿದ್ರ ಎರಡೂ ಕೆಡ್ತಾವು.’

ಬೂದಿಯಲ್ಲಿ ಜಾತಿಯೇ? ಆಗ ಮನಸ್ಸಿನಲ್ಲೇ ನಕ್ಕೆ. ಗದಗಿಗೆ ಬಂದು ರಸಾಯನಶಾಸ್ತ್ರದ ಪುಸ್ತಕ ತೆರೆದ ಮೇಲೆ ನಗು ನಿಂತಿತು. ಜೋಳ ಹುಲ್ಲಿನ ಕುಲದ್ದು. ಹುಲ್ಲಿನ ಜಾತಿಯ ಗಿಡಗಳು ನೆಲದಿಂದ ಸಿಲಿಕಾ ಹೀರಿ ದಂಟು, ಎಲೆಗಳಲ್ಲಿ ತುಂಬಿಕೊಳ್ಳುತ್ತವೆ. ಸುಟ್ಟರೆ ಅದು ಬೂದಿಯಲ್ಲಿ ನುಣ್ಣನೆಯ ಉಸುಕಿನಂತೆ ಉಳಿಯುತ್ತದೆ. ಹಂಚಿನ ಕರಿ, ತಳ ಹಿಡಿದ ಹಾಲು ಕೆರೆಯಲು ಬೇಕಾದದ್ದು ಅದೇ. ಹತ್ತಿಕಟ್ಟಿಗೆಯ ಬೂದಿಯ ಗುಣ ಬೇರೆ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟಿನಂಥ ಕ್ಷಾರ ಇರುತ್ತದೆ. ನೀರು ತಾಗಿದ ಕೂಡಲೇ ಅದು ಎಣ್ಣೆಯ ಹಿಡಿತ ಸಡಿಲಿಸುತ್ತದೆ. ಒಂದು ಮರಳುಕಾಗದ, ಇನ್ನೊಂದು ಸೋಡಾ. ಆಯಿಗೆ ಇವೆರಡೂ ಹೆಸರು ಬೇಕಾಗಿರಲಿಲ್ಲ.

ಇಲ್ಲಿಂದ ನಾನು ದಾರಿ ತಪ್ಪಿದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇರಲಿ. ಪೊಟ್ಯಾಸಿಯಂ ಎಂಬ ಹೆಸರಿನ ಒಳಗೇ ಬೂದಿಯ ಗಡಿಗೆ ಇದೆಯೆಂದು ನಿಮಗೆ ಗೊತ್ತಿತ್ತೇ? ಯುರೋಪಿನಲ್ಲಿ ಬೂದಿಯ ನೀರನ್ನು ಗಡಿಗೆಗಳಲ್ಲಿ ಕುದಿಸಿ ಇಂಗಿಸಿ ಕ್ಷಾರ ತೆಗೆಯುತ್ತಿದ್ದರು. ಗಡಿಗೆಗೆ ಪಾಟ್, ಬೂದಿಗೆ ಆಶ್. ಎರಡೂ ಕೂಡಿ ಪೊಟ್ಯಾಷ್. 1807ರಲ್ಲಿ ಹಂಫ್ರಿ ಡೇವಿ ಅದರಿಂದಲೇ ಒಂದು ಹೊಸ ಲೋಹ ಬೇರ್ಪಡಿಸಿ ಹೆಸರು ಮುಂದುವರಿಸಿದ. ಆಲ್ಕಲಿ ಎಂಬ ಶಬ್ದವಾದರೂ ಅರಬ್ಬಿಯಲ್ಲಿ ಬೂದಿಯಿಂದಲೇ ಹುಟ್ಟಿದ್ದು. ಇನ್ನೂ ತಮಾಷೆಯ ಸಂಗತಿ ಎಂದರೆ, ಅಮೆರಿಕ ದೇಶ ಕೊಟ್ಟ ಮೊಟ್ಟಮೊದಲ ಪೇಟೆಂಟು, 1790ರ ಜುಲೈ 31ರಂದು, ಸಿಕ್ಕಿದ್ದು ಬೂದಿಗೆ. ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತ ಪೊಟ್ಯಾಷ್ ತಯಾರಿಸುವ ಸುಧಾರಿತ ರೀತಿ ಕಂಡುಹಿಡಿದಿದ್ದ; ಕಾಗದಕ್ಕೆ ಸಹಿ ಹಾಕಿದ್ದು ಜಾರ್ಜ್ ವಾಷಿಂಗ್ಟನ್. ಆಯಿಯ ಡಾಲ್ಡಾ ಡಬ್ಬಿಗೆ ಸಹಿ ಹಾಕುವವರು ಯಾರೂ ಇಲ್ಲ. ಈಗ ಅದೇ ಬೂದಿ ಚಂದದ ಪಾಕೀಟಿನಲ್ಲಿ ‘ನೈಸರ್ಗಿಕ’ ಎಂಬ ಚೀಟಿ ಹಚ್ಚಿಕೊಂಡು ಆನ್‌ಲೈನಿನಲ್ಲಿ ಸಿಗುತ್ತದೆ. ನೋಡಿ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ.

ಹಣೆಗೆ ಹಚ್ಚುವ ವಿಭೂತಿಯೂ ಬೂದಿಯೇ ಅಲ್ಲವೇ ಎಂದು ಕೇಳಿಬಿಟ್ಟೆ. ಆಯಿ ನನ್ನನ್ನೊಮ್ಮೆ ಕೆಳಗಿಂದ ಮೇಲೆ ನೋಡಿ, ‘ಹಣಿಗೆ ಹಚ್ಚೋದು ಬ್ಯಾರೆ, ಭಾಂಡೆಕ್ಕ ಹಚ್ಚೋದು ಬ್ಯಾರೆ. ಹಂಗೆಲ್ಲಾ ಕೇಳಬಾರದು’ ಎಂದರು. ಕೇಳುವುದನ್ನು ಅಲ್ಲಿಗೆ ಬಿಟ್ಟೆ.

ಬೂದಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಮಧ್ಯಾಹ್ನದ ಭಾಂಡೆ ಅಷ್ಟನ್ನೂ ಆಯಿ ಒಂದೇ ಕೊಡದಲ್ಲಿ ಮುಗಿಸಿದರು, ತಳದಲ್ಲಿ ಇನ್ನೂ ನೀರಿತ್ತು. ಮೊದಲು ಕೈಯಿಂದ ಬಳಿದು, ಒಂದು ತಂಬಿಗೆ ನೀರಾಡಿಸಿ ಅದನ್ನು ಎಮ್ಮೆಯ ಮುಸುರಿ ಗಡಿಗೆಗೆ ಸುರಿದರು. ಆಮೇಲೆ ಬೂದಿ, ತೆಂಗಿನ ನಾರು. ಈ ಹಂತಕ್ಕೆ ನೀರೇ ಇಲ್ಲ, ಬೆರಳದ್ದಿದಷ್ಟು ಪಸೆ ಮಾತ್ರ. ಆಮೇಲೆ ಎರಡು ಬೋಗುಣಿ: ಮೊದಲನೆಯದರಲ್ಲಿ ಬೂದಿ ಬಿಡುತ್ತದೆ, ಎರಡನೆಯದರಲ್ಲಿ ತೊಳೆಯುತ್ತದೆ. ಮೊದಲನೆಯದರ ನೀರು ಹಿತ್ತಲ ನುಗ್ಗೆಗೆ. ಎರಡನೆಯದು ರಾತ್ರಿ ಊಟದ ಭಾಂಡೆಗೆ ಮೊದಲನೆಯ ನೀರಾಗುತ್ತದೆ. ಬೂದಿ ಬೆರೆತ ನೀರು ಮಾತ್ರ ಯಾವ ಕಾರಣಕ್ಕೂ ಎಮ್ಮೆಯ ಗಡಿಗೆಗೆ ಹೋಗಬಾರದು. ಈ ಕ್ರಮ ತಪ್ಪಿದ್ದಕ್ಕೆ ಸೊಸೆ ಬಂದ ಹೊಸದರಲ್ಲಿ ಬೈಸಿಕೊಂಡಳಂತೆ. ಆ ಸೊಸೆಗೆ ಈಗ ಮೊಮ್ಮಕ್ಕಳು.

ಮನೆಗೆ ಬಂದು ನಾನೂ ಅಳೆದೆ. ಸಿಂಕಿನ ಕೆಳಗಿನ ಕೊಳವೆ ಕಳಚಿ ಬಕೀಟು ಇಟ್ಟು, ಎಂದಿನಂತೆ ನಳ ಬಿಟ್ಟು ದ್ರವ ಸಾಬೂನಿನಲ್ಲಿ ತೊಳೆದೆ. ಮೂರು ಜನರ ಊಟದ ಪಾತ್ರೆಗೆ ಎರಡೂವರೆ ಬಕೀಟು! ಅರ್ಧ ನೀರು ಹೋದದ್ದು ಜಿಡ್ಡಿಗಲ್ಲ, ಸಾಬೂನಿನ ನೊರೆ ತೊಲಗಿಸಲು.

ಗದಗ-ಬೆಟಗೇರಿಯಲ್ಲಿ ಇರುವವರಿಗೆ ಈ ಲೆಕ್ಕ ಸಣ್ಣದಲ್ಲ. ನಮಗೆ ವಾರದ ದಿನಗಳು ಸೋಮವಾರ, ಮಂಗಳವಾರ ಎಂದಿಲ್ಲ. ನಳ ಬಂದ ದಿನ, ನಳ ಬಂದು ಮೂರು ದಿನ, ನಳ ಬರಬೇಕಾದ ದಿನ ಎಂದಿವೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ನೀರಾವರಿ ಯೋಜನೆಗೆ ನಮ್ಮೂರ ಹುಯಿಲಗೋಳ ನಾರಾಯಣರಾಯರ ಹೆಸರಿಟ್ಟು ವರ್ಷಗಳಾದವು. ಆದರೂ ನಡುರಾತ್ರಿ ಓಣಿಯಲ್ಲಿ ‘ನಳ ಬಂದಾವ್!’ ಎಂಬ ಕೂಗೆದ್ದರೆ ಹಾಸಿಗೆ ಬಿಟ್ಟು ಕೊಡ ಹಿಡಿಯುವುದು ನಿಂತಿಲ್ಲ. ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಅಡುಗೆಮನೆ ಸ್ವಚ್ಛತೆಯ ಪಟ್ಟಿ ಕೊಡುವ ಪತ್ರಿಕೆಗಳ ಅಂಕಣಗಳನ್ನು ನಾನು ವರ್ಷಗಟ್ಟಲೆ ಕತ್ತರಿಸಿ ಇಟ್ಟುಕೊಂಡಿದ್ದೆ. ಒಂದರಲ್ಲೂ ನಳದ ಮಾತಿಲ್ಲ. ನೀರು ಯಾವಾಗಲೂ ಇರುತ್ತದೆ ಎಂದು ನಂಬಿದವರು ಬರೆದ ಪಟ್ಟಿ ಅವು.

ನಮ್ಮಲ್ಲಿ ದೊಡ್ಡ ಸ್ವಚ್ಛತೆ ಬೀಳುವುದು ನಳ ಬರುವ ಹಿಂದಿನ ದಿನ, ಬ್ಯಾರಲ್ಲಿನ ತಳ ಕಂಡಾಗ. ಇದರಲ್ಲಿ ಜಾಣತನವೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು. ಅದು ಮೊಟ್ಟೆ ಇಡುವುದು ನೀರಿಗಲ್ಲ, ನೀರಿನ ಅಂಚಿನ ಮೇಲಿನ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಬ್ಯಾರಲ್ ಬರೀ ಬರಿದು ಮಾಡಿದರೆ ಏನೂ ಆಗಲಿಲ್ಲ, ಒಳಗೋಡೆ ತಿಕ್ಕಬೇಕು. ಆಯಿ ಹಂಡೆಯ ಒಳಗೆ ಮೊಳಕೈವರೆಗೆ ಕೈ ಹಾಕಿ ದಂಟಿನ ಬೂದಿಯಲ್ಲಿ ತಿಕ್ಕುತ್ತಾರೆ. ಸೊಳ್ಳೆಯ ವಿಷಯ ನಾನು ಹೇಳಿದ್ದಕ್ಕೆ, ‘ಹಂಗೇನು? ನಾವು ಪಾಚಿ ಅಂತ ತಿಕ್ಕತಿದ್ವಿ’ ಎಂದರು.

ಹಳೆಯದೆಲ್ಲ ಬಂಗಾರ ಎನ್ನುವ ಮಾತಿಗೆ ನಾನು ತಲೆಯಾಡಿಸುವವಳಲ್ಲ. ಬೂದಿ ಕ್ಷಾರ, ಅಲ್ಯೂಮಿನಿಯಂ ಪಾತ್ರೆಯನ್ನು ಕಪ್ಪಾಗಿಸುತ್ತದೆ. ದಂಟಿನ ಬೂದಿ ಸ್ಟೀಲಿಗೆ ಗೀರು ಹಾಕುತ್ತದೆ, ನಾನ್‌ಸ್ಟಿಕ್ ತವೆಯ ಮಾತೇ ಬೇಡ. ಹಿತ್ತಾಳೆ, ತಾಮ್ರದ ಕಿಲುಬಿಗೆ ಎರಡು ಡಬ್ಬಿಯೂ ಸೋಲುತ್ತವೆ, ಅಲ್ಲಿ ಹುಣಸೆಯ ಹುಳಿಯೇ ಬೇಕು. ಬೂದಿ ರೋಗಾಣು ಕೊಲ್ಲುತ್ತದೆಯೇ? ಕೊರೊನಾದ ಮೊದಲ ದಿನಗಳಲ್ಲಿ, 2020ರಲ್ಲಿ, ಬೂದಿಯಿಂದ ಕೈ ತೊಳೆಯುವ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಜಾಲಾಡಿದರು. ಖಚಿತವಾಗಿ ಏನನ್ನೂ ಹೇಳುವಷ್ಟು ಪುರಾವೆ ಸಿಗಲಿಲ್ಲ. ಬೂದಿಗಾಗಿ ಒಲೆ ಉಳಿಸಿಕೊಳ್ಳಿ ಎಂದಂತೂ ನಾನು ಹೇಳಲಾರೆ. ಆ ಹೊಗೆಗೆ ನನ್ನ ಅವ್ವನ ಕಣ್ಣು ಕೆಂಪಾಗಿದ್ದನ್ನು ನೋಡಿ ಬೆಳೆದವಳು ನಾನು. 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು, ಅದರ ಹೊಗೆಕೊಳವೆಯ ಒಲೆ ನಾಡಿನ ತುಂಬ ಓಡಾಡಿತು. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂತು. ಅಡುಗೆಮನೆಯ ಗೋಡೆಗಳು ಬೆಳ್ಳಗಾದದ್ದು ತಿಕ್ಕಿದ್ದಕ್ಕಿಂತ ಹೆಚ್ಚಾಗಿ ಹೊಗೆ ನಿಂತಿದ್ದರಿಂದ.

ಇನ್ನೊಂದು ಕಡೆ ಮಾತ್ರ ಆಯಿ ನನ್ನನ್ನು ಪೂರ್ತಿ ಸೋಲಿಸಿದರು. ಅಲ್ಲಿ ಸ್ಪಂಜು ಇಲ್ಲ. ಕಟ್ಟೆ ಒರೆಸುವ ಅರಿವೆಗಳು ಮೂರು, ದಿನಕ್ಕೊಂದು; ಉಳಿದೆರಡು ಮಾಳಿಗೆಯ ಮೇಲೆ ಡಂಬಳದ ಬಿಸಿಲಿನಲ್ಲಿ ಹಪ್ಪಳವಾಗಿರುತ್ತವೆ. 2017ರಲ್ಲಿ ಜರ್ಮನಿಯ ಸಂಶೋಧಕರು ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿ, ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಕಂಡರು. ಅವೆಲ್ಲ ರೋಗದವಲ್ಲ, ಹೆದರುವುದು ಬೇಡ. ಆದರೆ ನನ್ನ ಸಿಂಕಿನ ಪಕ್ಕದ ಹಳದಿ ಸ್ಪಂಜನ್ನು ಆ ದಿನವೇ ಎಸೆದೆ.

ರಾತ್ರಿ ಒಲೆ ಸಾರಿಸದೆ ಆಯಿ ಮಲಗುವುದಿಲ್ಲ. ಬೆಳಿಗ್ಗೆ ಆ ಒಲೆಯ ಮೇಲೆ ಎರಡೆಳೆ ರಂಗೋಲಿ ಬೀಳಬೇಕು. ಮಹಾನವಮಿಗೆ ಘಟ್ಟ ಹಾಕುವ ಮುಂಚೆ ಡಬ್ಬಿ ಡಬರಿ ಎಲ್ಲ ಅಂಗಳಕ್ಕೆ ಬರುತ್ತವೆ, ಗೋಡೆಗೆ ಸುಣ್ಣ, ಅಡಿಯಲ್ಲಿ ಕೆಮ್ಮಣ್ಣಿನ ಕಾರಣೆ. ಲಕ್ಷ್ಮೇಶ್ವರದ ನಮ್ಮ ಚಿಗವ್ವನ ಮನೆಯಲ್ಲೂ ಹೀಗೇ ಇತ್ತು. ಶಿರಹಟ್ಟಿಯ ಬೀಗರು ಫಕೀರೇಶ್ವರನ ಜಾತ್ರೆಯ ಮುಂದೆ ಇನ್ನೊಂದು ಸುತ್ತು ಹಾಕುತ್ತಾರೆ. ‘ಇಷ್ಟೆಲ್ಲಾ ದಿನಾ ಬ್ಯಾಸರ ಆಗೂದಿಲ್ಲೇನು?’ ಎಂದೆ. ‘ದಿನಾ ಉಣ್ಣಾಕ ಬ್ಯಾಸರ ಆಕ್ಕೈತೇನು ನಿನಗ?’

ಹೊರಡುವಾಗ ಹತ್ತಿಕಟ್ಟಿಗೆಯ ಬೂದಿಯನ್ನು ಬೋರ್ನ್‌ವೀಟಾ ಡಬ್ಬಿಯ ಸಮೇತ ಕೊಟ್ಟರು. ಒಂದು ತಿಂಗಳು ಬಳಸಿದೆ. ಒಗ್ಗರಣೆ ಸೌಟು, ಎಣ್ಣೆಯ ಬಾಣಲೆ ಫಳಫಳ. ಕೈ ಮಾತ್ರ ಬಿರಿಯಿತು. ಸಿಂಕಿನ ಕೊಳವೆಯಲ್ಲಿ ಬೂದಿ ಕೂತು ಒಮ್ಮೆ ಕಟ್ಟಿತು. ಬಿಚ್ಚಲು ಬಂದವನು ಅದೇನೆಂದು ಕೇಳಿದಾಗ ಉತ್ತರ ಕೊಡಲು ನಾಚಿದೆ. ಈಗ ಬೋಗುಣಿ ಎರಡು, ಸಾಬೂನು ಒಂದು ಚಿಟಿಕೆ, ನೀರು ಒಂದು ಬಕೀಟು ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಮೊನ್ನೆ ಮುಂಡರಗಿ ಬಸ್ಸಿನಲ್ಲಿ ಬಂದ ಪರಿಚಯದವರ ಕೈಯಲ್ಲಿ ಆಯಿ ಹೇಳಿ ಕಳಿಸಿದ್ದಾರೆ: ಬೂದಿ ತೀರಿದ್ದರೆ ಡಬ್ಬಿ ತಿರುಗಿ ಕೊಡಬೇಕಂತೆ, ಅವರಿಗೆ ಬೇಕಂತೆ. ಖಾಲಿ ಡಬ್ಬಿ ತಿರುಗಿ ಕೊಡುವ ರೂಢಿ ನಮ್ಮಲ್ಲಿಲ್ಲ. ಏನು ತುಂಬಿ ಕಳಿಸಲಿ ಎಂದು ಎರಡು ದಿನದಿಂದ ಡಬ್ಬಿಯನ್ನು ತಿಕ್ಕುತ್ತ ಕೂತಿದ್ದೇನೆ.