ಬೆಲೆ ಏರಿದ ಮೇಲೆ ಬೀಜ ಹಾಕಿದರೆ ಸಾರಿಗೆ ಹಣ್ಣು ಸಿಕ್ಕೀತೆ?

ಅರಸೀಕೆರೆ: ದನ ಕದಿಯುವವರನ್ನು, ಕೊಬ್ಬರಿ ಕದಿಯುವವರನ್ನು ಜನ ಕೇಳಿ ಬಲ್ಲರು. ಟೊಮೇಟೊ ಕಳ್ಳರನ್ನು? 2023ರ ಜುಲೈ ಮೊದಲ ವಾರ ಅದೂ ಆಯಿತು. ಹಳೇಬೀಡು ಪೊಲೀಸ್ ಠಾಣೆಗೆ ಸೇರಿದ ಗೋಣಿಸೋಮನಹಳ್ಳಿಯಲ್ಲಿ ರೈತ ಕುಟುಂಬವೊಂದರ ಹೊಲಕ್ಕೆ ರಾತ್ರೋರಾತ್ರಿ ನುಗ್ಗಿದ ಕಳ್ಳರು 50-60 ಚೀಲ ಹಣ್ಣು ಹೊತ್ತೊಯ್ದರು. ಮಾಲು ಎರಡೂವರೆ ಲಕ್ಷ ರೂಪಾಯಿನದು ಎಂದು ದೂರು ಹೋಯಿತು. ಬೀನ್ಸ್ ಬೆಳೆದು ಕೈ ಸುಟ್ಟುಕೊಂಡು, ಸಾಲ ತಂದು ಟೊಮೇಟೊ ಹಾಕಿದ್ದ ಮನೆ ಅದು. ಉಳಿದ ಗಿಡಗಳನ್ನೂ ಕಳ್ಳರು ಹಾಳು ಮಾಡಿ ಹೋಗಿದ್ದರು.

ಹೊಲದವರ ಪಾಡು ಅದಾದರೆ ಪೇಟೆಯವರದು ಇನ್ನೊಂದು. ಆ ತಿಂಗಳು ಕೆಜಿ ಹಣ್ಣಿನ ಬೆಲೆ ನೂರು ರೂಪಾಯಿ ದಾಟಿತು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರದ ಗಡಿ ಹಾರಿತು. ಕೆಜಿಗಟ್ಟಲೆ ಒಯ್ಯುತ್ತಿದ್ದವರು "ಕಾಲು ಕೆಜಿ ಸಾಕು ಕಣಣ್ಣ" ಅನ್ನುವಂತಾಯಿತು. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ 1117ರಲ್ಲಿ ಈ ಹಣ್ಣು ನಮ್ಮ ದೇಶದಲ್ಲೇ ಇರಲಿಲ್ಲ, ಹುಣಸೆಹಣ್ಣಿನಲ್ಲೇ ಸಾರು ಕುದಿಯುತ್ತಿತ್ತು ಎಂದು ಸಮಾಧಾನ ಹೇಳಬಹುದು. ಆದರೆ ರುಚಿ ಕಂಡ ನಾಲಿಗೆ ಕೇಳಬೇಕಲ್ಲ!

ಆಗ ಎಲ್ಲರಿಗೂ ನೆನಪಾಗುವುದು ಕುಂಡ. ಮನೆ ಮುಂದೆ ನಾಲ್ಕು ಗಿಡ ಹಾಕಿಕೊಂಡಿದ್ದರೆ ಅಂತ. ಬುದ್ಧಿ ಬಂದದ್ದು ಸರಿ, ಬಂದ ಹೊತ್ತು ಸರಿಯಲ್ಲ. ಆ ಜುಲೈನಲ್ಲಿ ಬೀಜ ಹಾಕಿದವರ ಗಿಡದಲ್ಲಿ ಹಣ್ಣು ಕೆಂಪಾಗುವುದು ಅಕ್ಟೋಬರಿಗೆ. ಸೆಪ್ಟೆಂಬರ್ ಹೊತ್ತಿಗೇ ಬೆಲೆ ನೆಲ ಕಚ್ಚಿತ್ತು.

ಮೂರು ತಿಂಗಳ ಲೆಕ್ಕ

ಬೀಜದಿಂದ ಸಸಿಯಾಗಲು 25-30 ದಿನ. ಸಸಿ ಕುಂಡಕ್ಕೆ ಬಿದ್ದ ಮೇಲೆ ಮೊದಲ ಹಣ್ಣಿಗೆ ಇನ್ನೂ ಎರಡು ತಿಂಗಳು, ಹತ್ತು ದಿನ ಹೆಚ್ಚೋ ಕಡಿಮೆಯೋ. ಒಟ್ಟು ಮೂರು ತಿಂಗಳು. ಬೇಸಿಗೆಯ ಬಿಸಿಲಿಗೆ ಹೂ ಉದುರಿ, ಆಮೇಲೆ ಮಳೆಗೆ ಗಿಡ ಕೊಳೆತು, ಹೊಲದ ಹಣ್ಣು ಪೇಟೆಗೆ ಕಡಿಮೆ ಬರುವುದು ಸಾಮಾನ್ಯವಾಗಿ ಜೂನ್-ಜುಲೈನಲ್ಲಿ. ಹಿಂದಕ್ಕೆ ಎಣಿಸಿ ನೋಡಿ. ಯುಗಾದಿಗೆ ಬೀಜ ಹಾಕಿದರೆ ಆಷಾಢಕ್ಕೆ ಹಣ್ಣು. ಹೂ ಬಿಡುವ ಹೊತ್ತಿಗೆ ಜೂನ್ ಬಂದು ಗಾಳಿಯೂ ತಂಪಾಗಿರುತ್ತದೆ. ಯುಗಾದಿಯಲ್ಲಿ ಹಣ್ಣು ಅಗ್ಗ, ಆದ್ದರಿಂದಲೇ ಯಾರಿಗೂ ಕುಂಡದ ನೆನಪಾಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಮುಚ್ಚಿಡಬೇಕಾಗಿಲ್ಲ. ಚೆನ್ನಾಗಿ ನೋಡಿಕೊಂಡ ಕುಂಡದ ಗಿಡ ಎರಡು ಕೆಜಿ ಕೊಟ್ಟೀತು. ನಾಲ್ಕು ಗಿಡಕ್ಕೆ ಎಂಟು ಕೆಜಿ. ಕೆಜಿಗೆ 15 ರೂಪಾಯಿ ಇದ್ದಾಗ ಅದು ಬರೀ 120 ರೂಪಾಯಿ ಮಾಲು, ಗೊಬ್ಬರದ ಖರ್ಚೂ ಹುಟ್ಟದು. ನೂರು ರೂಪಾಯಿ ಇದ್ದಾಗ 800. ಅಂದರೆ ಕುಂಡದ ಟೊಮೇಟೊ ವ್ಯಾಪಾರವಲ್ಲ, ಕಷ್ಟಕಾಲದ ಗಂಟು. ಗಂಟು ಕಟ್ಟುವುದು ಕಷ್ಟ ಬರುವ ಮೊದಲು.

ಡಬ್ಬವೇ ಕುಂಡ

ಅಂಗಡಿಯವರ ಹತ್ತಿರ ಕುಂಡಕ್ಕೇನು ಬರ? ಹದಿನೈದು ಕೆಜಿ ಎಣ್ಣೆ ಡಬ್ಬದ ತಳಕ್ಕೆ ಐದಾರು ತೂತು ಹೊಡೆದರೆ ಅದೇ ಕುಂಡ. ಸಿಮೆಂಟ್ ಚೀಲವೂ ನಡೆದೀತು. ಒಂದು ಅಡಿಗಿಂತ ಕಡಿಮೆ ಆಳ ಬೇಡ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೊಂದು ಹಿಡಿ ಬೇವಿನ ಹಿಂಡಿ. ಅರಸೀಕೆರೆ ತೆಂಗಿನ ಸೀಮೆ, ನಾರಿನ ಪುಡಿಗೆ ಅಲೆಯಬೇಕಿಲ್ಲ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಹಾಕಬೇಕು.

ಸಸಿಯನ್ನು ಕೆಳಗಿನ ಎಲೆಯವರೆಗೂ ಹೂತು ನೆಡಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಡಬ್ಬಕ್ಕೆ ಒಂದೇ ಗಿಡ. ಆಸೆಪಟ್ಟು ಮೂರು ನೆಟ್ಟರೆ ಮೂರೂ ಬಡಕಲು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಆತುಕೊಳ್ಳಲು ಒಂದು ಕೋಲು ಬೇಕು. ಹೂ ಬಂದಾಗ ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಕಾಯಿ ಹೆಚ್ಚು ಕಚ್ಚುತ್ತದೆ.

ಒಂದೇ ಬಸ್ಸು, ಎರಡು ಹವೆ

ಅರಸೀಕೆರೆಯಲ್ಲಿ ಬಸ್ ಹತ್ತಿ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು ತಲುಪುವಷ್ಟರಲ್ಲಿ ಬಯಲುಸೀಮೆ ಹಿಂದಾಗಿ ಮಲೆನಾಡಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಗಿಡದ ಕಾಯಿಲೆಯೂ ಹಾಗೇ ಬದಲಾಗುತ್ತದೆ.

ಅರಸೀಕೆರೆ ಕಡೆ ಒಣ ಹವೆ. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೊಡಗಟ್ಟಲೆ ಸುರಿದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಜನ ಹುಳ ಬಿತ್ತು ಅಂತ ಔಷಧಿ ಹೊಡೆಯುತ್ತಾರೆ. ಅದು ಹುಳವಲ್ಲ, ನೀರು ಏರುಪೇರಾಗಿ ಕಾಯಿಗೆ ಸುಣ್ಣದ ಅಂಶ ಸೇರದ ದೋಷ. ದಿನಾ ಬೆಳಿಗ್ಗೆ ಒಂದು ಹದದಲ್ಲಿ ನೀರು ಕೊಟ್ಟು, ಮಣ್ಣಿನ ಮೇಲೆ ತೆಂಗಿನ ನಾರು ಹಾಸಿದರೆ ಸಾಕು. ಒಣ ಹವೆಯ ಇನ್ನೊಂದು ಶತ್ರು ಬಿಳಿ ನೊಣ. ಎಲೆ ಮುಟುರು ರೋಗ ಹರಡುವುದು ಅದೇ. ಹಳದಿ ಬಣ್ಣ ಬಳಿದ ಡಬ್ಬದ ಮುಚ್ಚಳಕ್ಕೆ ಹರಳೆಣ್ಣೆ ಸವರಿ ಗಿಡದ ಪಕ್ಕ ತೂಗುಹಾಕಿ, ನೊಣ ತಾನಾಗಿ ಬಂದು ಅಂಟಿಕೊಳ್ಳುತ್ತದೆ.

ಬೇಲೂರು ಕಡೆ ಜಡಿಮಳೆಯದೇ ತೊಂದರೆ. ಎಲೆ ಒದ್ದೆಯಾಗಿಯೇ ಉಳಿದರೆ ಅಂಗಮಾರಿ ಬಂದು ವಾರದಲ್ಲಿ ಗಿಡ ಸುಟ್ಟ ಹಾಗಾಗುತ್ತದೆ. ಇಲ್ಲಿ ಕುಂಡ ಹೊಲಕ್ಕಿಂತ ಮೇಲು. ಮಳೆ ಹಿಡಿದಾಗ ಎತ್ತಿ ಸೂರಿನ ಕೆಳಗೆ ಇಡಬಹುದು. ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತುಹಾಕಿ. ಹಳೇಬೀಡಿನವರು ನಡುವೆ ಇದ್ದಾರೆ, ಮಾನ ನೋಡಿಕೊಂಡು ಎರಡೂ ಮಾಡಬೇಕು.

ಬೀಜ ಕೊಳ್ಳುವಾಗ ಹೆಸರು ಕೇಳಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ಎಲೆ ಮುಟುರು, ದುಂಡಾಣು ಸೊರಗು, ಮುಂಗಾಣಿ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ. ಜಡಿಮಳೆಯಲ್ಲಿ ಬರುವ ಹಿಂಗಾಣಿ ಅಂಗಮಾರಿಗೆ ಮಾತ್ರ ಸೂರೇ ರಕ್ಷೆ.

ಹಣ್ಣು ಅಗ್ಗವಾಗಿದ್ದಾಗ ಬೀಜದ ಪೊಟ್ಟಣ ತೆಗೆದಿಡಿ. ಬೇವು-ಬೆಲ್ಲ ತಿಂದ ಕೈಯಲ್ಲೇ ಡಬ್ಬಕ್ಕೆ ಬೀಜ ಉದುರಿಸಿ. ಆಷಾಢದಲ್ಲಿ ಅಂಗಡಿಯವನು ಬೆಲೆ ಹೇಳಿದಾಗ "ಇರಲಿ ಬಿಡಣ್ಣ, ಮನೇಲೈತೆ" ಅನ್ನಬಹುದು.