ಸುದ್ದಿಚಿತ್ರ: ಮುಖದೊಂದಿಗೆ ಹೆಸರೂ ಇರಲಿ

ಪತ್ರಿಕಾ ಛಾಯಾಗ್ರಹಣವನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮ ಪ್ರಸಾರವಾದ ಮೇಲೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ಕಡೆಯ ವಿದ್ಯಾರ್ಥಿಗಳಿಂದ ಹಲವು ಪತ್ರಗಳು ಬಂದವು. ಹೆಚ್ಚಿನ ಪತ್ರಗಳಲ್ಲಿದ್ದದ್ದು ಎರಡೇ ಪ್ರಶ್ನೆ. ಒಂದು, "ಯಾವ ಕ್ಯಾಮೆರಾ ಕೊಳ್ಳಬೇಕು?" ಇನ್ನೊಂದು, "ನಮ್ಮ ಊರಲ್ಲಿ ದೊಡ್ಡ ಸುದ್ದಿಯೇ ಆಗುವುದಿಲ್ಲ. ಇಲ್ಲಿದ್ದುಕೊಂಡು ಪತ್ರಿಕಾ ಛಾಯಾಗ್ರಾಹಕರಾಗುವುದು ಹೇಗೆ?" ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆಗಳಿಗೆ ಸಾಕಷ್ಟು ಸಮಯ ಸಿಗಲಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ಮಾಡಿದ ಒಂದು ತಪ್ಪಿನಿಂದಲೇ ಆರಂಭಿಸುವುದು ಒಳ್ಳೆಯದು.

ಒಂದು ತಪ್ಪಿನ ಕಥೆ

2020ರ ಅಕ್ಟೋಬರ್ ತಿಂಗಳು. ಭಾರಿ ಮಳೆಯಾಗಿತ್ತು, ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಭೀಮಾ ನದಿ ಉಕ್ಕಿ ಹರಿದಿತ್ತು. ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ನಾನು ಚಿತ್ರೀಕರಣ ತಂಡದೊಂದಿಗೆ ಒಂದೇ ದಿನ ನಾಲ್ಕು ಕಾಳಜಿ ಕೇಂದ್ರಗಳಿಗೆ ಹೋಗಿದ್ದೆ. ಅವುಗಳಲ್ಲೊಂದು ಶಾಲೆಯ ಕಟ್ಟಡ. ಅದರ ಜಗುಲಿಯ ಮೇಲೆ ಒಬ್ಬ ವೃದ್ಧೆ ನೀರಲ್ಲಿ ನೆನೆದ ಜೋಳವನ್ನು ಸೀರೆಯೊಂದರ ಮೇಲೆ ಹರಡಿ, ಕೈಯಾಡಿಸುತ್ತಾ ಒಣಗಿಸುತ್ತಿದ್ದರು. ಸಂಜೆಯ ಬೆಳಕು ಓರೆಯಾಗಿ ಅವರ ಮುಖದ ಮೇಲೆ ಬಿದ್ದಿತ್ತು. ನಾವು ಚಿತ್ರೀಕರಿಸಿದೆವು, ಒಂದೆರಡು ಫೋಟೋಗಳನ್ನೂ ತೆಗೆದೆವು. ಹೊರಡುವಾಗ ಅವರು ತಲೆಯೆತ್ತಿ ಕೇಳಿದರು:

"ಮಾರಿ ತಗೊಂಡ್ರಿ, ಹೆಸರು ಬ್ಯಾಡೇನ್ರಿ ಯಪ್ಪಾ?"

"ಮತ್ತ ಬರ್ತೀವಿ ಯವ್ವಾ" ಎಂದು ಹೇಳಿ ಜೀಪು ಹತ್ತಿದೆ. ಕತ್ತಲಾಗುವುದರೊಳಗೆ ಇನ್ನೊಂದು ಊರು ಮುಗಿಸಬೇಕಿತ್ತು. ಮತ್ತೆ ಹೋಗಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ಬಳಿಕ ಒಬ್ಬ ನಿವೃತ್ತ ಶಿಕ್ಷಕರಿಂದ ಪತ್ರ ಬಂತು. ಆ ತಾಯಿಗೆ ವರ್ಷದ ಜೋಳ ಕಳಿಸುವ ಮನಸ್ಸಿದೆ, ಹೆಸರು ಮತ್ತು ಊರು ತಿಳಿಸಿ ಎಂದು ಬರೆದಿದ್ದರು. ನನ್ನಲ್ಲಿ ಎರಡೂ ಇರಲಿಲ್ಲ. ನಾಲ್ಕು ಕೇಂದ್ರಗಳಲ್ಲಿ ಆ ಜಗುಲಿ ಯಾವ ಊರಿನದು ಎಂಬುದೂ ಖಚಿತವಿರಲಿಲ್ಲ. ವಿಚಾರಿಸುವ ಹೊತ್ತಿಗೆ ಕೇಂದ್ರಗಳು ಮುಚ್ಚಿದ್ದವು, ಜನ ತಮ್ಮ ಮನೆಗಳಿಗೆ ಮರಳಿದ್ದರು. ಚಿತ್ರ ಚೆನ್ನಾಗಿತ್ತು ಎಂದು ಹಲವರು ಹೇಳಿದರು. ಆದರೆ ಚಿತ್ರದಲ್ಲಿದ್ದವರಿಗೆ ಅದರಿಂದ ಒಂದು ಸೇರು ಜೋಳವೂ ದೊರೆಯಲಿಲ್ಲ.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ದಿನಾಂಕ ಮತ್ತು ಮಾನ ಬರೆಯದ ಅಳತೆಯನ್ನು ನಮ್ಮ ಅಧ್ಯಾಪಕರು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದರು. 'ಐದು' ಎಂದರೆ ಐದು ಏನು? ಯಾರು, ಎಲ್ಲಿ, ಯಾವಾಗ ಎಂಬುದಿಲ್ಲದ ಸುದ್ದಿಚಿತ್ರವೂ ಅಂಥದೇ ಅಳತೆ. ಈ ಪಾಠ ಗೊತ್ತಿದ್ದೂ ನಾನು ಅದನ್ನು ಆ ಸಂಜೆ ಮರೆತೆ.

ನಮ್ಮ ನಾಡಿನ ಒಬ್ಬ ಗುರು

ಇನ್ನು ಊರಿನಲ್ಲಿ ಸುದ್ದಿಯಿಲ್ಲ ಎಂಬ ಮಾತಿಗೆ ಬರೋಣ. ಇದಕ್ಕೆ ಉತ್ತರ ಕೊಡುವ ಒಂದು ಜೀವನ ಕರ್ನಾಟಕದಲ್ಲಿಯೇ ಇದೆ. ಟಿ.ಎಸ್. ಸತ್ಯನ್ (1923–2009) ಮೈಸೂರಿನವರು, ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಆರಂಭವಾದ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಅದರ ಮೊದಲ ವರ್ಷಗಳಲ್ಲಿ ಕೆಲಸ ಮಾಡಿ, ನಂತರ ಮುಂಬಯಿಯ 'ಇಲ್ಲಸ್ಟ್ರೇಟೆಡ್ ವೀಕ್ಲಿ' ಸೇರಿದರು. ಆಮೇಲೆ ನೌಕರಿ ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದರು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿ ದೇಶ ವಿದೇಶಗಳಲ್ಲಿ ಸುತ್ತಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಈ ಗೌರವವನ್ನು ತಂದ ಚಿತ್ರಗಳಲ್ಲಿ ಇದ್ದವರು ಸಾಮಾನ್ಯ ಜನರ ಮಕ್ಕಳು. ಸತ್ಯನ್ ಗಣ್ಯರನ್ನೂ ಚಿತ್ರಿಸಿದವರೇ. ಆದರೆ ಅವರ ಹೆಸರು ನಿಂತಿರುವುದು ಬೀದಿಯ, ಶಾಲೆಯ, ಹೊಲದ ಚಿತ್ರಗಳಿಂದ. ಜೊತೆಗೆ ಅವರು ಒಳ್ಳೆಯ ಬರಹಗಾರರು. ಚಿತ್ರದಲ್ಲಿರುವವರ ಕಥೆಯನ್ನು ತಾವೇ ಬರೆಯಬಲ್ಲವರಾಗಿದ್ದರು. 2005ರಲ್ಲಿ ಹೊರಬಂದ 'ಅಲೈವ್ ಅಂಡ್ ಕ್ಲಿಕಿಂಗ್' ಎಂಬ ಅವರ ಆತ್ಮಕಥೆಯನ್ನು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ತರಿಸಲು ಕೇಳಿ.

ಸತ್ಯನ್ ಅವರು ಚಿತ್ರಿಸಿದ ಕೆಲಸಗಳಲ್ಲಿ ಸಿಡುಬು ನಿರ್ಮೂಲನವೂ ಒಂದು. ಚಿತ್ರ ಎಂಥ ಕೆಲಸ ಮಾಡಬಲ್ಲದು ಎನ್ನಲು ಆ ಕಾರ್ಯಕ್ರಮವೇ ಸಾಕ್ಷಿ. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು ಮನೆಮನೆಗೆ ಹೋಗಿ, "ಇಂಥ ಗುಳ್ಳೆ ಯಾರಿಗಾದರೂ ಎದ್ದಿದೆಯೆ?" ಎಂದು ಕೇಳುತ್ತಿದ್ದರು. ಓದು ಬಾರದವರೂ ಚಿತ್ರ ನೋಡಿ ಉತ್ತರಿಸುತ್ತಿದ್ದರು. ಹೀಗೆ ರೋಗಿಗಳನ್ನು ಹುಡುಕಿ, ಸುತ್ತಲಿನವರಿಗೆ ಲಸಿಕೆ ಹಾಕಿ, 1975ರಲ್ಲಿ ಭಾರತದಲ್ಲಿ ಸಿಡುಬು ಕೊನೆಗೊಂಡಿತು.

ವಿದ್ಯಾರ್ಥಿನಿಯರು ಇನ್ನೊಂದು ಹೆಸರನ್ನೂ ನೆನಪಿಡಬೇಕು. ಹೋಮಾಯ್ ವ್ಯಾರಾವಾಲಾ (1913–2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆರಂಭದಲ್ಲಿ ಅವರ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಸೀರೆಯುಟ್ಟು, ಭಾರವಾದ ಕ್ಯಾಮೆರಾ ಹೊತ್ತು, ದೆಹಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನು ದಾಖಲಿಸಿದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು.

ನಿಮ್ಮ ಊರು ನಿಮಗೆ ಕೊಟ್ಟಿರುವ ಅನುಕೂಲ

ನಗರದಿಂದ ಬಂದ ಛಾಯಾಗ್ರಾಹಕರಿಗೆ ಇಲ್ಲದ ಒಂದು ಸೌಲಭ್ಯ ನಿಮಗಿದೆ. ಅದು ಸ್ಥಳದ ಪರಿಚಯ. ಭೀಮೆಯನ್ನೇ ತೆಗೆದುಕೊಳ್ಳಿ. ಅಫಜಲಪುರದಲ್ಲಿ ಬಿಸಿಲಿರುವಾಗಲೇ ನದಿ ಏರಬಹುದು, ಏಕೆಂದರೆ ನೀರು ಬರುವುದು ಮೇಲಿನ ಉಜನಿ ಮುಂತಾದ ಜಲಾಶಯಗಳಿಂದ. ಅಲ್ಲಿ ಬಿಟ್ಟ ನೀರು ಸೊನ್ನ ಬ್ಯಾರೇಜನ್ನೂ, ಗಾಣಗಾಪುರವನ್ನೂ, ಮುಂದೆ ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆಯನ್ನೂ ತಲುಪಲು ಸಮಯ ಬೇಕು. ಇದನ್ನು ತಿಳಿದವರು ನೀರು ಏರುವ ಮೊದಲೇ ಸುರಕ್ಷಿತವಾದ ಎತ್ತರದ ಜಾಗದಲ್ಲಿ ನಿಂತು, ಸೇತುವೆಯ ಒಂದೇ ಕಂಬವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಚಿತ್ರಿಸಬಹುದು. ಒಂದೇ ಜಾಗದಿಂದ ತೆಗೆದ ಆ ಮೂರು ಚಿತ್ರಗಳಲ್ಲಿ ನದಿ ಎಷ್ಟು ಏರಿತೆಂಬುದು ಯಾರಿಗೂ ಕಾಣುತ್ತದೆ. ಅದು ಸುದ್ದಿಯೂ ಹೌದು, ದಾಖಲೆಯೂ ಹೌದು.

ನೆರೆ ಬಾರದ ದಿನಗಳಲ್ಲೂ ವಿಷಯಕ್ಕೆ ಬರವಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆ ತೊಗರಿಯ ಬಿತ್ತನೆಯಿಂದ ರಾಶಿಯವರೆಗೆ ಒಂದೇ ಹೊಲವನ್ನು ಯಾರು ಚಿತ್ರಿಸಿದ್ದಾರೆ? ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಸೇರುವಲ್ಲಿ ದತ್ತಾತ್ರೇಯನ ಭಕ್ತರು ಮೀಯುತ್ತಾರೆ. ದುಡಿಮೆ ಅರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಟ ಕುಟುಂಬಗಳನ್ನು ನಿಮ್ಮ ಬಸ್ ನಿಲ್ದಾಣದಲ್ಲೇ ನೋಡುತ್ತೀರಿ. ಆ ಗಂಟುಮೂಟೆಯ ಪಕ್ಕದಲ್ಲಿ ಕುಳಿತ ಮಗುವಿನ ಶಾಲೆ ಏನಾಯಿತು ಎಂದು ಕೇಳಿ ತಿಳಿದರೆ ಅಲ್ಲಿಯೇ ಒಂದು ಸುದ್ದಿಯಿದೆ.

ಎರೆ ಭೂಮಿ ಮತ್ತು ಕ್ಯಾಮೆರಾದ ಕಣ್ಣು

ಈಗ ಕ್ಯಾಮೆರಾದ ಪ್ರಶ್ನೆ. ಕಲಿಯುವುದಕ್ಕೆ ಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಆದರೆ ಬೆಳಕಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ನಿಮ್ಮ ಭಾಗದಲ್ಲಿ ಇದು ಬಹಳ ಮುಖ್ಯ.

ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತಾನು ನೋಡುತ್ತಿರುವ ವಸ್ತು ಯಾವುದೆಂದು ತಿಳಿಯದು. ಎದುರಿನ ದೃಶ್ಯ ಒಟ್ಟಾರೆ ಮಧ್ಯಮ ಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವಂಥದು ಎಂಬ ಲೆಕ್ಕದ ಮೇಲೆ ಅದು ಕೆಲಸ ಮಾಡುತ್ತದೆ. ಎರೆ ಭೂಮಿ ಇದಕ್ಕಿಂತ ಬಹಳ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ. ಹೊಲದಲ್ಲಿ ನಿಂತ ಬಿಳಿ ಧೋತರದ ರೈತರನ್ನು ಚಿತ್ರಿಸುವಾಗ ಚೌಕಟ್ಟಿನ ತುಂಬ ಕಪ್ಪು ಮಣ್ಣಿದ್ದರೆ, ಕ್ಯಾಮೆರಾ "ಕತ್ತಲಾಗಿದೆ" ಎಂದು ತಿಳಿದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಫಲಿತಾಂಶ? ಕಪ್ಪು ಮಣ್ಣು ಬೂದಿಯಂತಾಗುತ್ತದೆ, ಧೋತರ ಮತ್ತು ರುಮಾಲಿನ ಮಡಿಕೆಗಳು ಬೆಳ್ಳಗೆ ಅಳಿಸಿಹೋಗುತ್ತವೆ. ಆಗ ಬೆಳಕನ್ನು ಅರ್ಧಕ್ಕೆ ಇಳಿಸಬೇಕು. ಕ್ಯಾಮೆರಾದಲ್ಲಿ ಷಟರ್ ವೇಗ ಸೆಕೆಂಡಿನ 250ನೇ ಒಂದು ಭಾಗವಿದ್ದರೆ 500ನೇ ಒಂದು ಭಾಗ ಮಾಡಿ. ಅನೇಕ ಫೋನ್‌ಗಳಲ್ಲಿ ಪರದೆಯನ್ನು ಮುಟ್ಟಿ, ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಸಾಕು. ಸುಣ್ಣ ಬಳಿದ ಗೋಡೆಯ ಮುಂದೆ ನಿಂತವರ ಮುಖ ಕಪ್ಪಾಗುವುದು ಇದೇ ಕಾರಣಕ್ಕೆ. ಅಲ್ಲಿ ಬೆಳಕನ್ನು ಹೆಚ್ಚಿಸಬೇಕು.

ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ರುಮಾಲು, ಸೆರಗುಗಳ ನೆರಳು ಕಣ್ಣುಗಳನ್ನು ನುಂಗಿಬಿಡುತ್ತದೆ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಚಿತ್ರ ತೆಗೆಯಿರಿ. ಆಗದಿದ್ದರೆ ಮಾತನಾಡಿಸುತ್ತಾ ಬೇವಿನ ಮರದ ನೆರಳಿಗೆ ಕರೆತನ್ನಿ, ಆದರೆ ಅವರು ಮಾಡದ ಕೆಲಸವನ್ನು ಮಾಡುವಂತೆ ನಟಿಸಲು ಹೇಳಬೇಡಿ.

ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ ಚೌಕ ಚಿತ್ರವಾದರೆ 12, 35 ಮಿ.ಮೀ. ಆದರೆ 36 ಚಿತ್ರಗಳಷ್ಟೇ ಸಿಗುತ್ತಿದ್ದವು. ಆದ್ದರಿಂದ ಹಿರಿಯರು ಗುಂಡಿ ಒತ್ತುವ ಮೊದಲು ಬಹಳ ಹೊತ್ತು ನೋಡುತ್ತಿದ್ದರು. ಇಂದು ನೂರಾರು ಚಿತ್ರ ತೆಗೆಯಬಹುದು; ಆ ನೋಡುವ ಅಭ್ಯಾಸ ಮಾತ್ರ ಬಿಡಬಾರದು.

ಚಿತ್ರದ ಕೆಳಗಿನ ಎರಡು ಸಾಲು

"ಪ್ರವಾಹದ ಒಂದು ದೃಶ್ಯ" ಎಂಬ ಅಡಿಬರಹದಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಆ ಚಿತ್ರವನ್ನು ಮುಂದಿನ ವರ್ಷದ ನೆರೆಯದೆಂದು ಯಾರಾದರೂ ಬಳಸಿದರೂ ಗೊತ್ತಾಗದು. ಯಾರು, ಏನು ಮಾಡುತ್ತಿದ್ದಾರೆ, ಯಾವ ಊರು ಮತ್ತು ತಾಲ್ಲೂಕು, ಯಾವ ದಿನ ಎಷ್ಟು ಹೊತ್ತಿಗೆ, ಏಕೆ—ಈ ಐದನ್ನು ಸ್ಥಳದಲ್ಲಿಯೇ ಸಣ್ಣ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರನ್ನು ಅವರ ಮುಂದೆಯೇ ಒಮ್ಮೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ಅಳಿಸುವುದು ಸುದ್ದಿಚಿತ್ರದಲ್ಲಿ ಸಲ್ಲದು. ಆಮ್‌ಸ್ಟರ್‌ಡ್ಯಾಮಿನ 'ವರ್ಲ್ಡ್ ಪ್ರೆಸ್ ಫೋಟೋ' ಸ್ಪರ್ಧೆಯಲ್ಲಿ 2015ರಲ್ಲಿ ಅಂತಿಮ ಹಂತದ ಸಮೀಪ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇ. 20ರಷ್ಟನ್ನು ಇದೇ ಕಾರಣಕ್ಕೆ ಕೈಬಿಡಲಾಯಿತು.

"ಆ ಮಗು ಏನಾಯಿತು?"

1993ರ ಮಾರ್ಚ್ 26ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ದಕ್ಷಿಣ ಆಫ್ರಿಕಾದ ಕೆವಿನ್ ಕಾರ್ಟರ್ ಸುಡಾನಿನಲ್ಲಿ ತೆಗೆದ ಒಂದು ಚಿತ್ರ ಬಂತು. ಹಸಿವಿನಿಂದ ನೆಲಕ್ಕೆ ಬಾಗಿದ ಮಗು, ಅದರ ಹಿಂದೆ ಕುಳಿತ ರಣಹದ್ದು. ಕ್ಷಾಮದ ಭೀಕರತೆ ಜಗತ್ತಿಗೆ ತಿಳಿಯಿತು. ಆದರೆ ಓದುಗರು ಕೇಳಿದ ಮೊದಲ ಪ್ರಶ್ನೆ, "ಆ ಮಗು ಏನಾಯಿತು?" ಹದ್ದನ್ನು ಓಡಿಸಿದ ಮೇಲೆ ಮಗು ಮತ್ತೆ ನಡೆಯತೊಡಗಿತು, ಆಹಾರ ಕೇಂದ್ರ ತಲುಪಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ಟಿಪ್ಪಣಿ ಪ್ರಕಟಿಸಬೇಕಾಯಿತು. 1994ರಲ್ಲಿ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಜುಲೈನಲ್ಲಿ, 33ನೆಯ ವಯಸ್ಸಿನಲ್ಲಿ, ಕಾರ್ಟರ್ ತೀರಿಕೊಂಡರು. ಅವರ ಬದುಕಿನ ಕಷ್ಟಗಳು ಹಲವಾಗಿದ್ದವು. ಎಲ್ಲವನ್ನೂ ಒಂದು ಚಿತ್ರದ ಮೇಲೆ ಹೊರಿಸುವುದು ಸರಿಯಲ್ಲ. ನಾವು ಕಲಿಯಬೇಕಾದದ್ದು ಇಷ್ಟು: ನೆರವು ಬೇಕಾದವರು ಎದುರಿಗಿದ್ದು ಹತ್ತಿರ ಬೇರೆ ಯಾರೂ ಇಲ್ಲದಿದ್ದರೆ ಮೊದಲು ನೆರವಾಗಿ. ಇತರರು ನೋಡಿಕೊಳ್ಳುತ್ತಿದ್ದರೆ ಚಿತ್ರ ತೆಗೆಯಿರಿ, ಮುಂದೇನಾಯಿತು ಎಂದು ವಿಚಾರಿಸಿ. ನೋವಿನ ದೃಶ್ಯ ಕಂಡು ಬಂದ ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಹಿರಿಯರೊಡನೆ ಮಾತನಾಡಿ.

ಹೆಸರು ಬರೆಯಲೇಬಾರದ ಸಂದರ್ಭಗಳೂ ಇವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಅಪರಾಧ ಪ್ರಕರಣಗಳಲ್ಲಿರುವ ಮಕ್ಕಳ ಗುರುತನ್ನು ಹೊರಗೆಡಹುವುದನ್ನು ಕಾನೂನು ನಿಷೇಧಿಸಿದೆ. "ಬೇಡ" ಎಂದು ಕೈ ಅಡ್ಡ ಹಿಡಿದ ದುಃಖಿತರ ಮುಂದೆ ಕ್ಯಾಮೆರಾ ಕೆಳಗಿಳಿಸುವುದಕ್ಕೆ ಕಾನೂನು ಬೇಕಿಲ್ಲ.

ನಿಮ್ಮ ಜೀವದ ಬಗ್ಗೆಯೂ ಒಂದು ಮಾತು. ದೂರದರ್ಶನ ವರದಿಗಾರಿಕೆಯಿಂದ ಛಾಯಾಗ್ರಹಣಕ್ಕೆ ಬಂದ ದಾನಿಶ್ ಸಿದ್ದಿಕಿ ರಾಯಿಟರ್ಸ್ ಸಂಸ್ಥೆಯ ತಂಡದೊಂದಿಗೆ 2018ರಲ್ಲಿ ಪುಲಿಟ್ಜರ್ ಪಡೆದವರು. ಅನುಭವಿಯಾಗಿದ್ದ ಅವರೇ 2021ರ ಜುಲೈ 16ರಂದು ಅಫ್ಘಾನಿಸ್ತಾನದಲ್ಲಿ ಕರ್ತವ್ಯದ ಮೇಲಿದ್ದಾಗ ಹತರಾದರು. ಹರಿಯುವ ನೀರಿಗಿಳಿದು, ಮುಳುಗಿದ ಸೇತುವೆಯ ಮೇಲೆ ನಿಂತು ಚಿತ್ರ ತೆಗೆಯುವ ಸಾಹಸ ಯಾರಿಗೂ ಬೇಡ.

ಈ ತಿಂಗಳ ಅಭ್ಯಾಸ

ನಿಮ್ಮ ಊರಿನ ಒಂದೇ ಸ್ಥಳವನ್ನು ಆರಿಸಿಕೊಳ್ಳಿ. ಸಂತೆ, ಬಸ್ ನಿಲ್ದಾಣ, ನದಿಯ ಘಾಟು, ತೊಗರಿಯ ಕಣ, ಯಾವುದಾದರೂ ಸರಿ. ಏಳು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಜನರೊಡನೆ ಮಾತನಾಡಿ. ಕೊನೆಗೆ 12 ಚಿತ್ರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಎರಡು ಸಾಲಿನ ಅಡಿಬರಹ ಬರೆಯಿರಿ. ಅಡಿಬರಹ ಬರೆಯಲು ಆಗದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದನ್ನು ಬದಿಗಿಡಿ. ಆಮೇಲೆ ಚಿತ್ರದಲ್ಲಿರುವವರಿಗೆ ಒಂದೊಂದು ಪ್ರತಿ ಹಾಕಿಸಿ, ನೀವೇ ಹೋಗಿ ಕೊಟ್ಟು ಬನ್ನಿ.

ಆ ಸಂಜೆಯ ನಂತರ ನಮ್ಮ ತಂಡದ ಜೀಪಿನಲ್ಲಿ ಒಂದು ನೋಟುಪುಸ್ತಕ, ದಾರ ಕಟ್ಟಿದ ಪೆನ್ನು ಸದಾ ಇರುತ್ತವೆ. ಹೆಸರು, ಊರು ಬರೆದುಕೊಳ್ಳದೆ ಜೀಪು ಹೊರಡುವುದಿಲ್ಲ. ಒಣಗಿಸಿದ ಜೋಳದ ಮುಂದೆ ಕುಳಿತ ಆ ತಾಯಿಯ ಹೆಸರು ಮಾತ್ರ ಅದರಲ್ಲಿ ಇನ್ನೂ ಇಲ್ಲ.