ನಡುಮನೆಯಲ್ಲಿ ಕೂತ ‘ಆ’

ಪದಬಂಧ ಬಿಡಿಸುವ ಹವ್ಯಾಸವಿರುವವರಿಗೆ ಒಂದು ಪ್ರಶ್ನೆ. ಐದು ಮನೆಗಳ ಒಂದು ಊರು. ಮೊದಲ ಮನೆಯಲ್ಲೂ ಸ್ವರ, ನಡುಮನೆಯಲ್ಲೂ ಸ್ವರ. ಯಾವುದದು?

ಹಾವೇರಿ ಜಿಲ್ಲೆಯವರು ಥಟ್ಟನೆ ಹೇಳಿಯಾರು: ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರು! ಅ, ಕ್ಕಿ, ಆ, ಲೂ, ರು. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವವರಿಗೆ ಇದರಲ್ಲೇನೂ ವಿಶೇಷ ಕಾಣದು. ಆದರೆ ಕನ್ನಡ ಪದದ ನಡುವೆ ಅಪ್ಪಟ ಸ್ವರಾಕ್ಷರ ಬಂದು ಕೂರುವುದು ಎಷ್ಟು ಅಪರೂಪವೆಂಬುದು ಪದಬಂಧ ರಚಿಸುವವರಿಗೆ ಗೊತ್ತು.

ಎರಡು ಸ್ವರಗಳು ಎದುರಾದರೆ ಕನ್ನಡದ ನಾಲಿಗೆ ಸುಮ್ಮನಿರದು. ಒಂದನ್ನು ಬೀಳಿಸುತ್ತದೆ, ಇಲ್ಲವೇ ನಡುವೆ ‘ಯ’ ಅಥವಾ ‘ವ’ ತಂದು ನಿಲ್ಲಿಸುತ್ತದೆ. ಮನೆ, ಅಲ್ಲಿ ಸೇರಿ ‘ಮನೆಯಲ್ಲಿ’; ಗುರು, ಅನ್ನು ಸೇರಿ ‘ಗುರುವನ್ನು’. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆಂದೇ ಒಂದು ಪ್ರಕರಣ ಮೀಸಲಿಟ್ಟ. ನೆರೆಯ ಹಿರೇಕೆರೂರನ್ನೇ ನೋಡಿ. ಕೆರೆಯೂ ಊರೂ ಸೇರುವಾಗ ‘ಎ’ಕಾರ ಮಾಯವಾಗಿದೆ. ಈ ಲೆಕ್ಕದಲ್ಲಿ ನಮ್ಮ ಊರು ‘ಅಕ್ಕಿಯಾಲೂರು’ ಆಗಬೇಕಿತ್ತು. ಬೇಗಬೇಗ ಹೇಳಿದರೆ ‘ಯ’ ನುಸುಳುವುದೂ ಉಂಟು. ಬರವಣಿಗೆ ಮಾತ್ರ ಅಕ್ಕಿಯನ್ನೂ ಆಲೂರನ್ನೂ ಬೇರೆಬೇರೆಯಾಗಿಯೇ ಕಾಯ್ದುಕೊಂಡಿದೆ.

ಸಂಧಿಯ ತವರಾದ ಸಂಸ್ಕೃತದಲ್ಲೂ ಇಂಥ ಒಂಟಿ ಸ್ವರಗಳುಂಟು. ‘ತಿತಉ’ ಎಂದರೆ ಜರಡಿ. ‘ಪ್ರಉಗ’ ಎಂದರೆ ರಥದ ಮೂಕಿಯ ಮುಂಭಾಗ. ಋಗ್ವೇದದ ಹತ್ತನೇ ಮಂಡಲದಲ್ಲಿ ಧೀರರು ಮಾತನ್ನು ಶೋಧಿಸುವುದಕ್ಕೆ ಹಿಟ್ಟು ಜರಡಿ ಹಿಡಿಯುವ ಹೋಲಿಕೆಯಿದೆ. ಅಲ್ಲಿ ಬರುವುದು ಇದೇ ತಿತಉ!

ಇನ್ನು ಇಂದಿನ ಕನ್ನಡ. ಪತ್ರಿಕೆಗಳ ‘ಮರುಎಣಿಕೆ’ಯಲ್ಲಿ ಸಂಧಿ ಮಾಡಿದರೆ ಅರ್ಥವೇ ಮಸುಕಾದೀತು. ಮಿಕ್ಕವು ಹೆಚ್ಚಾಗಿ ಇಂಗ್ಲಿಷಿನ ಸಂಕ್ಷೇಪಗಳು: ಸಿಇಟಿ, ಬಿಇಒ, ಎಲ್‌ಐಸಿ. ಐಎಎಸ್‌ನಲ್ಲಂತೂ ಮೂರು ಸ್ವರ ಸಾಲಾಗಿ ಕೂತಿವೆ. ಆದರೆ ಪಿಯುಸಿಗೆ ಈ ಭಾಗ್ಯವಿಲ್ಲ. ಅಲ್ಲಿನ ಅಕ್ಷರದ ಹೆಸರೇ ‘ಯು’.

ಇಂಗ್ಲಿಷ್ ಆಟಗಾರರಿಗೂ ಇಂಥದೇ ಒಂದು ಹುಚ್ಚುಂಟು. ಸ್ಕ್ರ್ಯಾಬಲ್‌ನಲ್ಲಿ ‘ಕ್ಯೂ’ ಬಿಲ್ಲೆಗೆ 10 ಅಂಕ. ಅದರ ಬೆನ್ನಿಗೆ ಸಾಮಾನ್ಯವಾಗಿ ‘ಯು’ ಬರಲೇಬೇಕು. ‘ಯು’ ಕೈಗೆ ಬಾರದಿದ್ದರೆ? ಅದಿಲ್ಲದ ಪದಗಳ ಪಟ್ಟಿಯನ್ನೇ ಅವರು ಬಾಯಿಪಾಠ ಮಾಡುತ್ತಾರೆ. ಚೀನೀಯರ ಪ್ರಾಣಶಕ್ತಿ ‘ಚೀ’, ಯೆಮನ್ನಿನವರು ಅಗಿಯುವ ಎಲೆ ‘ಖಾತ್’, ಇರಾನಿನ ನೆಲದಡಿಯ ನೀರಿನ ಸುರಂಗ ‘ಕನಾತ್’ ಅದರಲ್ಲಿವೆ. ಇದೇ ಕನಾತ್ ನಮ್ಮ ಬೀದರಿನಲ್ಲಿ ಬಹಮನಿ ಕಾಲದ ‘ಕರೇಜ್’ ಆಗಿದೆ. ವಿಚಿತ್ರ ಅಕ್ಷರಜೋಡಣೆ ಕಂಡಲ್ಲಿ ಪದವೊಂದು ದೂರದಿಂದ ಬಂದಿರುವ ಸುಳಿವು ಸಿಗುತ್ತದೆ.

ಅಕ್ಕಿಆಲೂರು ದೂರದಿಂದ ಬಂದದ್ದಲ್ಲ, ಅಚ್ಚ ಕನ್ನಡದ್ದು. ಪದಬಂಧದಲ್ಲಿ ಅದನ್ನು ಎಡದಿಂದ ಬಲಕ್ಕೆ ಬರೆದಿರೆನ್ನಿ. ನಡುವಿನ ‘ಆ’ ಮೂಲಕ ಮೇಲಿನಿಂದ ಪದ ಇಳಿಸುವುದು ಕಷ್ಟ. ಮೇಲಿನ ಮನೆಗೆ ಕಪ್ಪು ಬಳಿದು, ಅಲ್ಲಿಂದಲೇ ‘ಆಕಾಶ’ವನ್ನೋ ‘ಆನೆ’ಯನ್ನೋ ಆರಂಭಿಸಬೇಕು. ಅದೇ ‘ಅಕ್ಕಿಯಾಲೂರು’ ಎಂದು ತಿದ್ದಿದರೆ ‘ದಯಾಳು’ ಸಲೀಸಾಗಿ ಹಾಯ್ದುಹೋಗುತ್ತಾನೆ! ರಚಿಸುವವನಿಗೆ ಆಸೆಯಾಗುವುದು ಸಹಜ.

ಆದರೆ ಆ ಆಸೆಗೆ ಬೀಳಬಾರದು. ಊರಿನ ಹೆಸರು ಊರವರು ಬರೆದಂತೆ ಇರಬೇಕು. ವ್ಯಾಕರಣದ ನೆಪದಲ್ಲಿ ನಾವು ತಿದ್ದಿದರೆ ಆ ಊರಿನವನೇ ಪದಬಂಧದಲ್ಲಿ ತನ್ನೂರನ್ನು ತುಂಬಲಾಗದೆ ಪೆನ್ಸಿಲ್ ಕಚ್ಚುತ್ತ ಕೂರಬೇಕಾದೀತು. ಗಣಕಯಂತ್ರಕ್ಕಂತೂ ಅಕ್ಕಿಆಲೂರು, ಅಕ್ಕಿ ಆಲೂರು, ಅಕ್ಕಿಯಾಲೂರು ಮೂರೂ ಬೇರೆಬೇರೆ. ಒಂದಕ್ಕೆ ಹುಡುಕಿದವನಿಗೆ ಇನ್ನೊಂದರ ಕೆಳಗಿನ ಮಾಹಿತಿ ತಪ್ಪಿಹೋಗಬಹುದು.

ಇರಲಿ, ಈ ವಾರದ ಬಿಡುವಿಗೆ ಒಂದು ಕೆಲಸ. ಐಎಎಸ್‌ನಂತೆ ಸ್ವರಗಳು ಸಾಲಾಗಿ ಕೂತಿರುವ, ಆದರೆ ಸಂಕ್ಷೇಪವಲ್ಲದ ಕನ್ನಡ ಪದವೇನಾದರೂ ಉಂಟೇ? ಮೂರು ಬೇಡ, ಎರಡಾದರೂ ಸಾಕು. ಹುಡುಕಿ ನೋಡಿ.